ಈಲಿಗೆ ನಾವಿಟ್ಟ ಹೆಸರು

ದನದ ಡಾಕ್ಟರು ನಮ್ಮ ನಾಯಿಯ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಎತ್ತಿ ತೋರಿಸಿದರು. ಕೆಂಪಗಿರಬೇಕಾದ ಒಸಡು ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು. ಅದನ್ನು ಒತ್ತಿ ಬಿಟ್ಟರು. ಒತ್ತಿದ ಜಾಗಕ್ಕೂ ಒತ್ತದ ಜಾಗಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

"ಉಣ್ಣಿ ಜ್ವರ," ಅಂದರು. "ರಕ್ತ ಎಲ್ಲಾ ಇಳಿದು ಹೋಗಿದೆ. ಇಂಜೆಕ್ಷನ್ ಕೊಡ್ತೀನಿ, ಮಾತ್ರೆ ಬರ್ಕೊಡ್ತೀನಿ. ಆದ್ರೆ ಅಮ್ಮಾವ್ರೇ, ರಕ್ತ ತುಂಬ್ಕೋಬೇಕಾದ್ರೆ ತಿನ್ನೋಕೂ ಸರಿಯಾದ್ದು ಬೇಕು. ಏನು ಹಾಕ್ತಿದೀರಿ?"

"ಮೊಸರನ್ನ," ಅಂದರು ನನ್ನ ಅತ್ತೆ. "ಬೆಳಿಗ್ಗೆ ರೊಟ್ಟಿ, ಹಾಲು."

"ಅದ್ರಲ್ಲಿ ಇಷ್ಟು ದಿನ ನಡೀತು. ಈಗ ಸಾಲಲ್ಲ. ಈಲಿ ಹಾಕಿ."

ಅತ್ತೆಗೆ ಅರ್ಥವಾಗಲಿಲ್ಲ. ಡಾಕ್ಟರು ತಮ್ಮ ಬಲ ಪಕ್ಕೆಲುಬಿನ ಕೆಳಗೆ ಕೈ ಇಟ್ಟು ತೋರಿಸಿ, "ಕುರಿದು. ಲಿವರ್ರು," ಅಂದರು.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಒಂದು ಡಿಸೆಂಬರ್. ಮೂಡಿಗೆರೆಯಿಂದ ಜೀಪಿನ ದಾರಿಯಲ್ಲಿರುವ ನಮ್ಮ ಕಾಫಿ ತೋಟದಲ್ಲಿ ಹಣ್ಣು ಕೊಯ್ಲು ಶುರುವಾಗಿತ್ತು. ನಾನು ಆ ಮನೆಗೆ ಸೊಸೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ಆ ಮನೆಯ ಹೊಸ್ತಿಲು ಮೊಟ್ಟೆಯನ್ನೂ ಕಂಡದ್ದಲ್ಲ. ಪೇಟೆಯಿಂದ ಕೇಕು ತಂದರೆ ಅತ್ತೆ ಅಂಗಡಿಯವನ ಮಾತನ್ನೂ ನಂಬದೆ ಅದನ್ನು ಮೂಸಿ ನೋಡಿ ಪಕ್ಕಕ್ಕಿಡುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿದ ಮೇಲೆಯೇ ಒಲೆ ಹಚ್ಚುವವರು. ಅಂಥವರ ಮುಂದೆ ಡಾಕ್ಟರು ಆ ಮಾತು ಹೇಳಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅತ್ತೆ ಎದ್ದು ಒಳಗೆ ಹೋಗಿಬಿಡುತ್ತಾರೆ ಅಂದುಕೊಂಡೆ.

ಹೋಗಲಿಲ್ಲ. ಮಲಗಿದ್ದ ನಾಯಿಯನ್ನು ನೋಡಿದರು. ಆಮೇಲೆ ಜಗಲಿಯ ಆ ತುದಿಯಲ್ಲಿ ಬೆತ್ತದ ಕುರ್ಚಿಯಲ್ಲಿದ್ದ ಮಾವನವರನ್ನು ನೋಡಿದರು. ಮಾವನವರು ಈ ಮಾತುಕತೆ ಕೇಳಿಸುವಷ್ಟು ಹತ್ತಿರದಲ್ಲಿರಲಿಲ್ಲ.

"ಮದ್ದು ಅಂತಲೇ ಅಲ್ವಾ ಅದನ್ನ ಕೊಡದು?" ಅಂತ ಮೆಲ್ಲಗೆ ಕೇಳಿದರು.

"ಹೌದು. ಮದ್ದು ಅಂತಲೇ ಅಂದ್ಕೊಳ್ಳಿ."

"ಮದ್ದಿಗೆ ಮೈಲಿಗೆ ಇಲ್ಲ," ಅಂದರು ಅತ್ತೆ, ಡಾಕ್ಟರಿಗಲ್ಲ, ತಮಗೇ.

ಆ ಹೆಸರು ಹುಟ್ಟಿದ್ದು ಹೀಗೆ.

ಅತ್ತೆ ಮಾವನವರ ಕಡೆ ನೋಡಿದ್ದು ಯಾಕೆಂದು ಹೇಳಬೇಕು. ಮಾವನವರಿಗೆ ಲಕ್ವ ಹೊಡೆದು ವರ್ಷದ ಮೇಲಾಗಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ತಲೆಯೊಳಗೆ ಎಲ್ಲವೂ ಸರಿಯಾಗಿತ್ತು. ಪೇಪರು ಓದುತ್ತಿದ್ದರು, ಕಣದಲ್ಲಿ ಕಾಫಿ ಬೀಜ ಹರವಿದ್ದು ದಪ್ಪವಾಗಿದ್ದರೆ ಕೈಬೀಸಿ ಸಿಟ್ಟಾಗುತ್ತಿದ್ದರು. ಮಾತು ಮಾತ್ರ ಮೂರಕ್ಕೆ ಇಳಿದಿತ್ತು: ಬಾ, ಬೇಡ, ಆಯ್ತು. ಏನು ಹೇಳಲು ಹೊರಟರೂ ಬಾಯಿಗೆ ಬರುವುದು ಆ ಮೂರರಲ್ಲಿ ಒಂದು. ಮುಖ ನೋಡಿ, ದನಿ ಕೇಳಿ ನಾವು ಊಹಿಸಬೇಕಿತ್ತು. ಒಮ್ಮೊಮ್ಮೆ 'ಬೇಡ' ಅಂದರೆ 'ಬೇಕು' ಅಂತ ಅರ್ಥವಿರುತ್ತಿತ್ತು.

ಕೈಗೆ ವ್ಯಾಯಾಮವಾಗಲಿ ಎಂದು ಆಸ್ಪತ್ರೆಯಲ್ಲಿ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ಅವರು ಎಡಗೈಯಿಂದ ಅಂಗಳಕ್ಕೆ ಎಸೆದುಬಿಟ್ಟರು. ನಾಯಿ ಅದನ್ನು ಕಚ್ಚಿ ತಂದು ಕೊಟ್ಟಿತು. ಮತ್ತೆ ಎಸೆದರು. ಆಟವೆಂದು ತಿಳಿದು ಅದು ಮತ್ತೆ ತಂದಿತು. ಕೊನೆಗೆ ಸುಸ್ತಾಗಿ, ಕುರ್ಚಿಯ ಕೈಯಿಂದ ಜೋತುಬಿದ್ದಿದ್ದ ಅವರ ಬಲಗೈಯ ಕೆಳಗೆ ಕತ್ತು ತೂರಿಸಿ ನಿಂತುಕೊಂಡಿತು. ಅದು ದಿನದ ಅಭ್ಯಾಸವಾಯಿತು. ಒಂದು ಮಧ್ಯಾಹ್ನ ಕಾಫಿ ತಂದ ಅತ್ತೆ ಲೋಟ ಹಿಡಿದು ಹಾಗೇ ನಿಂತರು. ನಾಯಿಯ ಕೂದಲೊಳಗೆ ಮಾವನವರ ಬಲಗೈಯ ಎರಡು ಬೆರಳು ಅಲ್ಲಾಡುತ್ತಿದ್ದವು. ಕೆರೆಯುತ್ತಿದ್ದವು ಅನ್ನುವಷ್ಟಲ್ಲ, ಆದರೆ ಅಲ್ಲಾಡುತ್ತಿದ್ದವು. ಅಂದಿನಿಂದ ಅತ್ತೆಯ ಮನಸ್ಸಿನಲ್ಲಿ ಆ ನಾಯಿಯ ಜೀವ ಮತ್ತು ಆ ಕೈಯ ಜೀವ ಬೇರೆಬೇರೆಯಾಗಿ ಉಳಿಯಲಿಲ್ಲ.

ನಾಯಿಗೆ ಹೆಸರಿತ್ತು. ಮನೆಯಲ್ಲಿ ಆ ಹೆಸರನ್ನು ಈಗ ಯಾರೂ ಹೇಳುವುದಿಲ್ಲ. ನಾನೂ ಬರೆಯುವುದಿಲ್ಲ.

ಡಾಕ್ಟರು ಹೊರಡುವ ಮೊದಲು ಎಲ್ಲವನ್ನೂ ಬಿಡಿಸಿ ಹೇಳಿದರು. ಕುರಿಯದೋ ಕೋಳಿಯದೋ ಈಲಿ, ಚೆನ್ನಾಗಿ ತೊಳೆದು ಬರೀ ನೀರಿನಲ್ಲಿ ಬೇಯಿಸಬೇಕು. ಉಪ್ಪು, ಖಾರ, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಖಂಡಿತ ಬೇಡ, ಅವು ನಾಯಿಯ ರಕ್ತ ಕೆಡಿಸುತ್ತವೆ. ಹಸಿಯಾಗಿ ಹಾಕಿದರೆ ಹುಳ ಹೊಟ್ಟೆ ಸೇರುತ್ತದೆ, ಅದರಿಂದ ಮನೆಯವರಿಗೂ ಬರಬಹುದು. ಅನ್ನದ ಜೊತೆ ಒಂದು ಚಿಕ್ಕ ಹಿಡಿ, ವಾರಕ್ಕೆ ಎರಡು ಮೂರು ಸಲ.

"ಒಳ್ಳೇದು ಅಂತ ತಟ್ಟೆ ತುಂಬಾ ಹಾಕ್ಬೇಡಿ ಮತ್ತೆ. ಈಲಿ ಹೆಚ್ಚಾದ್ರೂ ಕಷ್ಟವೇ. ಉಳಿದ ದಿನ ಕುರಿ ಗುಂಡಿಗೆ, ಹಾರ್ಟು, ಸಿಕ್ಕಿದ್ರೆ ಅದನ್ನ ಹಾಕಿ. ಅದು ಮಾಂಸದ ಹಾಗೇ."

ಗುಂಡಿಗೆ ಎಂಬ ಮಾತಿಗೆ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆದರೆ ಕೇಳಿಸಿಕೊಂಡರು. ಒಂದನ್ನೂ ಮರೆಯಲಿಲ್ಲ.

ಮನೆಯ ಹಿಂದೆ, ಕೊಟ್ಟಿಗೆಯ ಪಕ್ಕ, ದನಗಳಿಗೆ ಹುರುಳಿ ಬೇಯಿಸುವ ಒಲೆ ಇತ್ತು. ಅದರ ಪಕ್ಕದಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಮಾಡಿಸಿದರು. ಅಟ್ಟದಿಂದ ಕಿವಿ ಮುರಿದ ಒಂದು ಅಲ್ಯೂಮಿನಿಯಂ ಪಾತ್ರೆ ಇಳಿಯಿತು. ವಾರಕ್ಕೆರಡು ಸಲ ಮೂಡಿಗೆರೆಗೆ ಹೋಗುತ್ತಿದ್ದ ಟ್ರ್ಯಾಕ್ಟರ್ ಡ್ರೈವರ್ ಮಟನ್ ಅಂಗಡಿಯಿಂದ ಈಲಿಯನ್ನು ಎಲೆಯಲ್ಲಿ ಕಟ್ಟಿಸಿ, ಚೀಲದ ತಳದಲ್ಲಿಟ್ಟು ತರುತ್ತಿದ್ದ. ಅವನು ಕಳಸದ ಕಡೆಯವನು, ಬಾಯಿ ಸುಮ್ಮನಿರುವವನಲ್ಲ.

"ಅಮ್ಮಾವ್ರೇ, ಮದ್ದು ಬಂತು! ಇವತ್ತು ಮದ್ದಿನ ಅಂಗಡೀಲಿ ಎಂಥಾ ರಶ್ಶು ಅಂತೀರಿ!"

"ಮೆತ್ತಗೆ ಮಾತಾಡು ಮಾರಾಯ. ಊರಿಗೆಲ್ಲಾ ಸಾರ್ಬೇಡ."

"ಸಾರು ಮಾಡೋರು ಬೇರೆಯವ್ರು ಅಮ್ಮಾವ್ರೇ. ನಾವು ಬರೀ ನೀರಲ್ಲಿ ಬೇಯ್ಸೋರು."

"ಏ, ಬಾಯಿ ಮುಚ್ಚು!"

"ಅಂಗಡಿಯವ್ನು ಕೇಳ್ತಿದ್ದ, ನಿಮ್ಮ ಅಮ್ಮಾವ್ರ ಮನೇಲಿ ಯಾವಾಗಿಂದ ಶುರುವಾಯ್ತು ಅಂತ."

ಅತ್ತೆಯ ಮುಖ ಸಣ್ಣಗಾಯಿತು. ಡ್ರೈವರ್ ಗಾಬರಿಯಾಗಿ, "ನಾಯಿಗೆ ಅಂತ ಹೇಳಿದೀನಿ, ನಾಯಿಗೆ ಅಂತ!" ಅಂದ. ಆದರೆ ಆ ಮಾತು ಅವರನ್ನು ಹಿಡಿದುಕೊಂಡಿತು. ನೆಂಟರಲ್ಲಿ ಯಾರ ಕಿವಿಗಾದರೂ ಬಿದ್ದರೆ ಎಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು, ಮಾವನವರಿಗೆ ಗೊತ್ತಾದರೆ ಎಂಬುದು. ಅವರಿಗೆ ಅನ್ನ ಕಲಸಿ ಬಾಯಿಗಿಡುತ್ತಿದ್ದವರು ಅತ್ತೆ. ಈ ಕೈ ಏನು ಮುಟ್ಟಿ ಬಂದಿದೆ ಎಂದು ತಿಳಿದರೆ ಅವರು ಬಾಯಿ ತೆರೆಯುವುದಿಲ್ಲ ಎಂದೇ ಅತ್ತೆ ನಂಬಿದ್ದರು. ಹಾಗಾಗಿ ಈಲಿ ಎಂಬ ಮಾತು ನಮ್ಮ ಮನೆಯಲ್ಲಿ ಹುಟ್ಟಲೇ ಇಲ್ಲ. ಅತ್ತೆ, ನಾನು, ನನ್ನ ಗಂಡ, ಡ್ರೈವರ್, ನಾಲ್ಕೂ ಜನ ಮದ್ದು ಎಂದೇ ಹೇಳುತ್ತಿದ್ದೆವು. ಮದ್ದು ಮುಗೀತು. ಮದ್ದು ತರಬೇಕು. ನಾಯಿಗೆ ಮದ್ದು ಹಾಕಿದ್ಯಾ?

ಮೊದಲ ಸಲ ಅತ್ತೆ ಮೂಗಿಗೆ ಬಟ್ಟೆ ಕಟ್ಟಿ, ಮುಖ ತಿರುಗಿಸಿ, ಉದ್ದನೆಯ ಕೋಲಿನಿಂದ ಪಾತ್ರೆಯನ್ನು ಕಲಕಿದರು. ನಾನು ಮಾಡುತ್ತೇನೆ ಅಂದರೆ ಒಪ್ಪಲಿಲ್ಲ. ಸೊಸೆಯ ಕೈಯಲ್ಲಿ ಮಾಡಿಸಿದರೆ ಪಾಪ ದುಪ್ಪಟ್ಟು ಅಂದರು. ಮುಗಿದ ಮೇಲೆ ಸ್ನಾನ ಮಾಡಿ, ಸೀರೆ ಬದಲಿಸಿ, ಹಿಂದಿನ ಬಾಗಿಲಿನಿಂದ ಬಾರದೆ ಸುತ್ತು ಹಾಕಿ ಮುಂದಿನ ಬಾಗಿಲಿನಿಂದ ಒಳಗೆ ಬಂದರು. ವಾರಗಳು ಕಳೆದಂತೆ ಮೂಗಿನ ಬಟ್ಟೆ ಕುತ್ತಿಗೆಗೆ ಇಳಿಯಿತು. ಕೋಲು ಗಿಡ್ಡವಾಯಿತು. ಒಂದು ದಿನ ನನ್ನನ್ನು ಕರೆದು, "ನೋಡೇ ಇಲ್ಲಿ, ಇದ್ರ ಮೇಲೆ ಬಿಳಿ ಗುಳ್ಳೆ ಇದೆ. ರೋಗದ ಕುರಿದು ಇರ್ಬೇಕು. ಹೂತು ಹಾಕ್ಸು," ಅಂದರು. ಬೆಂದಿದೆಯೋ ಇಲ್ಲವೋ ನೋಡಲು ಒಂದು ತುಂಡನ್ನು ಮುರಿದು, ಒಳಗೆ ಕೆಂಪು ಉಳಿದಿದೆಯಾ ಎಂದು ಬೆಳಕಿಗೆ ಹಿಡಿಯುತ್ತಿದ್ದರು. ಆಮೇಲೆ ಉಗುರಷ್ಟು ಸಣ್ಣಗೆ ಚೂರು ಮಾಡಿ, ಮೆತ್ತಗಿನ ಅನ್ನಕ್ಕೆ ಕಲಸಿ, ಬೆಂದ ನೀರನ್ನೂ ಅದಕ್ಕೇ ಸುರಿಯುತ್ತಿದ್ದರು.

ನಾಯಿ ಚೇತರಿಸಿಕೊಂಡಿತು. ಮಾತ್ರೆಯಿಂದಲೋ ಈಲಿಯಿಂದಲೋ, ಎರಡರಿಂದಲೂ ಇರಬೇಕು. ಮೊದಲು ಬಾಲ ಅಲ್ಲಾಡಿತು. ಆಮೇಲೆ ಅದು ಜಗಲಿಯ ಮೆಟ್ಟಿಲು ಹತ್ತಿತು. ಮತ್ತೆ ಬಂದ ಡಾಕ್ಟರು ತುಟಿ ಎತ್ತಿದಾಗ ಒಸಡು ತೆಳು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮೈ ಮಾತ್ರ ಇನ್ನೂ ನೋಡುವ ಹಾಗಿರಲಿಲ್ಲ. ಎಲುಬು ಎಣಿಸಬಹುದಿತ್ತು, ಬೆನ್ನಿನ ಮೇಲೆ ಕೂದಲು ಉದುರಿದ ಜಾಗಗಳಿದ್ದವು. ಗೊತ್ತಿಲ್ಲದವರು ನೋಡಿದರೆ ಇದು ಸಾಯುತ್ತಿರುವ ನಾಯಿ ಅನ್ನುತ್ತಿದ್ದರು. ಅದು ಬದುಕುತ್ತಿದೆ ಎಂದು ಗೊತ್ತಿದ್ದದ್ದು ನಮಗೆ ಮಾತ್ರ.

ಅದೇ ಸುಮಾರಿಗೆ ಕೂಲಿ ಲೈನಿನ, ಅಂದರೆ ಕೆಲಸದವರ ಮನೆಸಾಲಿನ, ಹತ್ತಿರ ಒಂದು ಹುಚ್ಚುನಾಯಿ ಕರುವನ್ನು ಕಚ್ಚಿತು. ಕರು ಸತ್ತಿತು. ಸುತ್ತಲಿನ ತೋಟಗಳಲ್ಲೆಲ್ಲ ಅದೇ ಮಾತು. ಎಲ್ಲಿ ನೋಡಿದರೂ ಬೀದಿ ನಾಯಿಗಳಿಗೆ ಮದ್ದು ಹಾಕುತ್ತಿದ್ದಾರೆ ಎಂದು ಕೆಲಸದವರು ಹೇಳುತ್ತಿದ್ದರು. ನಮ್ಮ ಸೀಮೆಯಲ್ಲಿ ಆ ಮಾತಿಗೆ ಇನ್ನೊಂದು ಅರ್ಥವಿಲ್ಲ. ನಾಯಿಗೆ ಮದ್ದು ಹಾಕುವುದು ಎಂದರೆ ಕೊಲ್ಲುವುದು. ನಾವು ದಿನವೂ ಎರಡನ್ನೂ ಕೇಳುತ್ತಿದ್ದೆವು, ಮನೆಯೊಳಗಿನ ಮದ್ದನ್ನೂ ಹೊರಗಿನ ಮದ್ದನ್ನೂ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ಯಾರೂ ನೋಡಲಿಲ್ಲ.

ಆ ತಿಂಗಳೇ ಹೊಸ ರೈಟರ್ ಬಂದ. ತೋಟದ ಹಾಜರಿ, ಗೋಡೌನಿನ ಬೀಗ ನೋಡಿಕೊಳ್ಳುವವನು. ಚಿಕ್ಕ ವಯಸ್ಸು, ಹೊಸದಾಗಿ ಮದುವೆಯಾಗಿತ್ತು. ಹೇಳಿದ ಕೆಲಸವನ್ನು ಎರಡನೇ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ.

ಅಂದು ನನ್ನ ಗಂಡ ಪಾರ್ಚ್‌ಮೆಂಟ್, ಅಂದರೆ ತೊಳೆದು ಒಣಗಿಸಿದ ಕಾಫಿ ಬೀಜ, ತುಂಬಿದ ಲಾರಿಯ ಹಿಂದೆ ಜೀಪಿನಲ್ಲಿ ಚಿಕ್ಕಮಗಳೂರಿಗೆ ಹೊರಟಿದ್ದರು. ಅತ್ತೆಯ ಕಣ್ಣು ತೋರಿಸಬೇಕಿತ್ತು. ನಾವಿಬ್ಬರೂ ಅದೇ ಜೀಪಿನಲ್ಲಿ ಹೋಗುವುದೆಂದಾಯಿತು. ಡ್ರೈವರ್ ರಜೆಯ ಮೇಲೆ ಊರಿಗೆ ಹೋಗಿದ್ದ. ಮಾವನವರ ಜೊತೆ ಅಡಿಗೆಯ ಸಹಾಯದ ಹೆಂಗಸು ಇದ್ದಳು. ಅತ್ತೆ ಬೆಳಿಗ್ಗೆಯೇ ಈಲಿ ಬೇಯಿಸಿ, ಅನ್ನ ಕಲಸಿ, ಕಿವಿ ಮುರಿದ ಪಾತ್ರೆಯಲ್ಲಿ ಮುಚ್ಚಿ, ಹಿಂದಿನ ಒಲೆಯ ಪಕ್ಕ ಇಟ್ಟಿದ್ದರು. ಅದನ್ನು ಮಧ್ಯಾಹ್ನ ನಾಯಿಯ ಮುಂದಿಡುವುದಷ್ಟೇ ಉಳಿದ ಕೆಲಸ. ಅಡಿಗೆಯವಳಿಗೆ ಹೇಳಿದರೆ ಊರಿಗೆ ಹೇಳಿದಂತೆ ಎಂದು ರೈಟರನ್ನು ಕರೆಸಿದರು.

ನಾನು ಜೀಪಿನಲ್ಲಿ ಕೂತಿದ್ದೆ. ಅತ್ತೆ ಒಂದು ಕಾಲನ್ನು ಜೀಪಿನ ಮೆಟ್ಟಿಲ ಮೇಲಿಟ್ಟು ನಿಂತಿದ್ದರು. ಅವರು ಆಡಿದ ಮಾತು ಇದು. ಒಂದು ಅಕ್ಷರವನ್ನೂ ಹೆಚ್ಚು ಕಡಿಮೆ ಮಾಡುತ್ತಿಲ್ಲ.

"ಮಧ್ಯಾಹ್ನ ನಾಯಿಗೆ ಮದ್ದು ಹಾಕ್ಬಿಡಿ. ಯಜಮಾನ್ರ ಕಣ್ಣೆದುರು ಬೇಡ. ಯಾರಿಗೂ ಗೊತ್ತಾಗೋದೂ ಬೇಡ."

"ಯಾವ ನಾಯಿಗೆ ಅಮ್ಮಾವ್ರೇ?"

"ನಮ್ಮನೇದಕ್ಕೇ."

ರೈಟರ್ ಜಗಲಿಯ ಕಡೆ ತಿರುಗಿ ನೋಡಿದ. "ನೀವೇ ಒಂದು ಸಲ..."

"ನಂಗೆ ಇವತ್ತು ಆಗಲ್ಲ ಮಾರಾಯ. ನೀವೇ ಮಾಡಿ. ಹಿಂದ್ಗಡೆ ಎಲ್ಲಾ ಇದೆ."

ಅತ್ತೆ ಮಾತಾಡುವಾಗ ಅವನ ಮುಖ ನೋಡಲಿಲ್ಲ. ದನಿ ತಗ್ಗಿಸಿದ್ದರು. ಮಾಂಸದ ವಿಷಯ ಆಡಿದಾಗಲೆಲ್ಲ ಅವರು ಹಾಗೇ, ನಾಚಿಕೆಯಿಂದ ನೆಲ ನೋಡುತ್ತಿದ್ದರು. ಕೊಲ್ಲಲು ಹೇಳುವವರೂ ಹಾಗೇ ನೆಲ ನೋಡುತ್ತಾರೆ. 'ಹಿಂದ್ಗಡೆ' ಎಂದರೆ ಅತ್ತೆಗೆ ಒಲೆ. ಆದರೆ ಮನೆಯ ಹಿಂದೆ, ಕೊಟ್ಟಿಗೆಯ ಆಚೆ, ಗೋಡೌನೂ ಇತ್ತು. ಅದರ ಬೀಗದ ಕೈ ರೈಟರ ಹತ್ತಿರ ಇತ್ತು. ಗಿಡಕ್ಕೆ ಹಾಕುವ ಮದ್ದುಗಳೆಲ್ಲ ಅಲ್ಲೇ ಇದ್ದವು.

"ಆಗ್ಲಿ ಅಮ್ಮಾವ್ರೇ," ಅಂದ.

ಜೀಪು ಹೊರಟಿತು. ನನಗೆ ಏನೂ ಅನ್ನಿಸಲಿಲ್ಲ. ನಮ್ಮ ಮನೆಯ ಭಾಷೆಯಲ್ಲಿ ಆ ಮಾತು ಸರಿಯಾಗಿಯೇ ಇತ್ತು.

ಹಿಂದಿರುಗಿದಾಗ ಬಿಸಿಲು ಕಣದಿಂದ ಮೇಲೇಳುತ್ತಿತ್ತು. ಹೆಂಗಸರು ಒಣಗಿದ ಬೀಜವನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚುತ್ತಿದ್ದರು. ಕಣ್ಣಿಗೆ ಹನಿ ಹಾಕಿದ್ದರಿಂದ ಅತ್ತೆಗೆ ಎಲ್ಲವೂ ಮಸುಕಾಗಿ ಕಾಣುತ್ತಿತ್ತು. ಜಗಲಿಯ ಮುಂದೆಯೇ ನಿಂತ ಜೀಪಿನಿಂದ ನನ್ನ ಭುಜ ಹಿಡಿದು ಇಳಿದರು. ರೈಟರ್ ಜೀಪಿನ ಹತ್ತಿರ ಬಂದ.

"ಅಮ್ಮಾವ್ರೇ, ನೀವು ಹೇಳಿದ ಕೆಲ್ಸ ಆಯ್ತು."

"ಪೂರ್ತಿ ತಿಂತಾ?"

"ಪೂರ್ತಿ ತಿಂತು. ಜಾಸ್ತಿ ಹೊತ್ತು ನರಳ್ಲಿಲ್ಲ."

ಅತ್ತೆಯ ಕೈ ನನ್ನ ಭುಜದ ಮೇಲೇ ಇತ್ತು. ಅದು ಬಿಗಿಯಾಗಲಿಲ್ಲ, ಸಡಿಲವಾಗಲೂ ಇಲ್ಲ. ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ. ನಾನು ಅಷ್ಟರಲ್ಲಿ ನೋಡಿದ್ದೆ. ಜಗಲಿಯಲ್ಲಿ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಮಾವನವರು, ಅವರ ಬಲಗಡೆ ನೆಲದ ಮೇಲೆ ಒಂದು ಗೋಣಿತಾಟು. ಅದರ ಕೆಳಗಿನಿಂದ ಬಾಲ ಹೊರಗೆ ಕಾಣುತ್ತಿತ್ತು. ಅವರ ಬಲಗೈ ಗೋಣಿಯ ಮೇಲೆ ಬಿದ್ದಿತ್ತು.

ನಡೆದದ್ದನ್ನು ಅಡಿಗೆಯವಳು ಅಳುತ್ತಾ ಹೇಳಿದಳು. ರೈಟರ್ ಕಣದ ಮೂಲೆಯಲ್ಲಿ ಬಾಳೆ ಎಲೆ ಹಾಕಿ ಮೊಸರನ್ನ ಇಟ್ಟಿದ್ದಾನೆ. ಆ ಹೊತ್ತಿಗೆ ಮಾವನವರು ಮಲಗಿರುತ್ತಾರೆ ಅಂದುಕೊಂಡಿದ್ದ. ಅವರು ಮಲಗಿರಲಿಲ್ಲ. ಗೋಡೌನಿನ ಬಾಗಿಲು ತೆರೆದದ್ದು, ರೈಟರ್ ಮುಖಕ್ಕೆ ಟವೆಲ್ ಕಟ್ಟಿಕೊಂಡು ಬಂದದ್ದು ಜಗಲಿಗೆ ಕಾಣುತ್ತಿತ್ತು. ಜೀವಮಾನವೆಲ್ಲ ಆ ತೋಟ ಮಾಡಿಸಿದವರಿಗೆ ಅರ್ಥವಾಗಲು ಇನ್ನೇನು ಬೇಕಿತ್ತು. ಕೂಗಿದ್ದಾರೆ. "ಬೇಡ! ಬೇಡ! ಬೇಡ!" ಅಡಿಗೆಯವಳು ಅಷ್ಟೊತ್ತಿಗೆ ಅವರ ಪಕ್ಕ ಕಾಫಿ ಇಟ್ಟಿದ್ದಳು.

"ನಾನು ಕಾಫಿ ಬೇಡ ಅಂತಿದಾರೆ ಅಂದ್ಕೊಂಡೆ ಅಮ್ಮಾವ್ರೇ. ಲೋಟ ತಗೊಂಡು ಒಳಗೆ ಹೋದೆ."

ನಾಯಿ ತಿಂದು ಮುಗಿಸಿ, ಎಂದಿನ ಹಾಗೆ ಕುರ್ಚಿಯ ಹತ್ತಿರ ಬಂದಿದೆ. ಅಲ್ಲೇ ಬಿದ್ದಿದೆ.

ಅತ್ತೆ ಹಿಂದಿನ ಒಲೆಯ ಹತ್ತಿರ ಹೋದರು. ಪಾತ್ರೆಯ ಮುಚ್ಚಳ ಮುಟ್ಟಿ ನೋಡಿದರು, ಕಣ್ಣು ಕಾಣುತ್ತಿರಲಿಲ್ಲವಲ್ಲ. ಒಳಗೆ ಕೈ ಹಾಕಿದರು. ಅನ್ನ, ಈಲಿ, ಎಲ್ಲಾ ಇಟ್ಟ ಹಾಗೇ ಇತ್ತು. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು.

ಮಾವನವರು ಆ ಸಂಜೆ ಅತ್ತೆಯ ಕೈಯಿಂದ ಊಟ ಮಾಡಲಿಲ್ಲ. ಅತ್ತೆ ತುತ್ತು ಹಿಡಿದರೆ, "ಬೇಡ." ಈ ಸಲ ಊಹಿಸುವುದೇನೂ ಇರಲಿಲ್ಲ. ರೈಟರ್ ಅಂದದ್ದು ಅವರಿಗೆ ಕೇಳಿಸಿತ್ತು: ನೀವು ಹೇಳಿದ ಕೆಲಸ ಆಯ್ತು. ಅತ್ತೆ ಕೇಳಿದ್ದೂ ಕೇಳಿಸಿತ್ತು: ಪೂರ್ತಿ ತಿಂತಾ? ನಾನು ಕೊಟ್ಟರೆ ಎರಡು ತುತ್ತು ತಿನ್ನುತ್ತಿದ್ದರು. ಅತ್ತೆ ಹತ್ತಿರ ಬಂದರೆ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದರು. ಬಲಗೈ ಕುರ್ಚಿಯಿಂದ ಮೊದಲಿನಂತೆ ಜೋತುಬಿತ್ತು. 'ಆಯ್ತು' ಎಂಬ ಮಾತನ್ನಂತೂ ಬಿಟ್ಟೇಬಿಟ್ಟರು. ಅವರಿಗೆ ಉಳಿದದ್ದು ಎರಡೇ ಮಾತು.

ನನ್ನ ಗಂಡ ರೈಟರನ್ನು ಕೆಲಸದಿಂದ ತೆಗೆಯಲು ಹೊರಟರು. ಅತ್ತೆ ತಡೆದರು. ಅವನನ್ನು ಕರೆಸಿ ಎದುರಿಗೆ ನಿಲ್ಲಿಸಿಕೊಂಡರು. ಅಷ್ಟರಲ್ಲಿ ಅವನಿಗೆ ವಿಷಯ ತಿಳಿದಿತ್ತು.

"ಅಮ್ಮಾವ್ರೇ, ನಾಯಿಗೆ ಮದ್ದು ಅಂದ್ರೆ ನಮ್ಮ ಕಡೆ ಒಂದೇ."

"ನಮ್ಮ ಕಡೇನೂ ಒಂದೇ," ಅಂದರು ಅತ್ತೆ. "ತಪ್ಪು ನಿಮ್ಮದಲ್ಲ. ನೀವು ನಾನು ಹೇಳಿದ್ದನ್ನ ಮಾಡಿದೀರಿ."

"ಇನ್ನೊಂದು ಸಲ ಕೇಳ್ಬೇಕಿತ್ತು."

"ನೀವು ಕೇಳಿದ್ರಿ ಮಾರಾಯ. ನಾನೇ ಬಾಯಿ ಬಿಡ್ಲಿಲ್ಲ."

ಅವನು ಕೊಯ್ಲು ಮುಗಿಯುವವರೆಗೂ ಇದ್ದ. ಜಗಲಿಯ ಮುಂದಿನ ದಾರಿಯಲ್ಲಿ ಓಡಾಡಲಿಲ್ಲ, ಸುತ್ತು ಬಳಸಿ ಹೋಗುತ್ತಿದ್ದ. ಆಮೇಲೆ ಕೆಲಸ ಬಿಟ್ಟು ಅತ್ತಿಗುಂಡಿಯ ಕಡೆ ಯಾವುದೋ ತೋಟಕ್ಕೆ ಹೋದನೆಂದು ಕೇಳಿದೆ.

ಅಡಿಗೆ ಮನೆಯಲ್ಲಿ ನಾನು ಅತ್ತೆಗೆ ಹೇಳಿದೆ, ಮಾವನವರಿಗೆ ಎಲ್ಲವನ್ನೂ ತಿಳಿಸಿಬಿಡೋಣ ಎಂದು.

"ಕೊಂದೋಳು ಅಂದ್ಕೊಂಡಿದಾರೆ. ಅಲ್ಲ ಅನ್ಬೇಕಾದ್ರೆ ಅದನ್ನ ಹೇಳ್ಬೇಕು," ಅಂದರು. "ಮಾಂಸ ಬೇಯ್ಸಿದ ಕೈಲಿ ಇಷ್ಟು ದಿನ ನಿಮಗೆ ಉಣ್ಸಿದೀನಿ ಅಂತ. ಅದನ್ನ ಕೇಳಿದ ಮೇಲೆ ಮಾತ್ರ ಉಣ್ತಾರಾ?"

"ನಾನು ಹೇಳ್ಲಾ ಅತ್ತೆ?"

"ನೀನು ಹೇಳಿದ್ರೆ ಅದು ನಿನ್ನ ಮಾತು. ನನ್ನ ಬಾಯಿಂದ ಕೆಟ್ಟಿದ್ದು, ನನ್ನ ಬಾಯಿಂದಲೇ ಸರಿಯಾಗ್ಬೇಕು."

ಆದರೆ ಬಾಯಿ ಬರಲಿಲ್ಲ. ಕುರ್ಚಿಯ ಹತ್ತಿರ ಹೋಗುತ್ತಿದ್ದರು, ನಿಲ್ಲುತ್ತಿದ್ದರು, ಏನೋ ಒರೆಸುವ ನೆಪ ಮಾಡಿ ಹಿಂದೆ ಬರುತ್ತಿದ್ದರು. ಮಾವನವರು ಸೊರಗಿದರು. ಅಂಗಿಯ ಕತ್ತಿನಪಟ್ಟಿ ಸಡಿಲವಾಗಿದ್ದನ್ನು ನಾನೂ ಕಂಡೆ, ಅತ್ತೆಯೂ ಕಂಡರು.

ಡ್ರೈವರ್ ಊರಿನಿಂದ ಬಂದ. ವಿಷಯ ತಿಳಿದು ತಲೆ ತಗ್ಗಿಸಿ ನಿಂತಿದ್ದ. ಅತ್ತೆ ಅಂಗಳದ ನಡುವಿನಿಂದ, ಕಣದಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡುವ ಹಾಗೆ ಕೂಗಿ ಹೇಳಿದರು.

"ಮೂಡಿಗೆರೆಗೆ ಹೋದಾಗ ಈಲಿ ತಗೊಂಡ್ ಬಾ. ಕುರಿ ಈಲಿ."

ಅವನು ಬೆಪ್ಪಾದ. "ಯಾರಿಗೆ ಅಮ್ಮಾವ್ರೇ?"

"ತಗೊಂಡ್ ಬಾ ಅಂದೆ."

ಮರುದಿನ ಬೆಳಿಗ್ಗೆ ಬಿಸಿಲು ಏರಿದ ಮೇಲೆ ನನ್ನ ಗಂಡನೂ ಡ್ರೈವರನೂ ಮಾವನವರನ್ನು ಕುರ್ಚಿ ಸಮೇತ ಎತ್ತಿ ಮನೆಯ ಹಿಂದೆ, ಮೂರು ಕಲ್ಲಿನ ಒಲೆಯ ಮುಂದೆ ಕೂರಿಸಿದರು. ಅವರು ಒಪ್ಪಲಿಲ್ಲ. "ಬೇಡ, ಬೇಡ" ಎನ್ನುತ್ತಲೇ ಇದ್ದರು. ಅತ್ತೆ ಮೂಗಿಗೆ ಬಟ್ಟೆ ಕಟ್ಟಿರಲಿಲ್ಲ. ಎಲೆಯ ಕಟ್ಟು ಬಿಚ್ಚಿ, ಬರಿಗೈಯಲ್ಲಿ ಈಲಿಯನ್ನು ಎತ್ತಿ ತೋರಿಸಿದರು. ಅದು ನುಣುಪಾಗಿ, ಕಪ್ಪುಗೆಂಪಾಗಿ ಅವರ ಅಂಗೈಯಿಂದ ಜಾರುವಂತಿತ್ತು. ಲಿಂಗ ಹಿಡಿಯುವ ಎಡಗೈ ಅದು. ಅವರು ಕೈ ಬದಲಿಸಲಿಲ್ಲ.

"ಇದು ಈಲಿ," ಅಂದರು. ಮಗುವಿಗೆ ಹೇಳಿಕೊಟ್ಟಂತೆ, ನಿಧಾನವಾಗಿ. "ಕುರಿ ಈಲಿ. ನಾಯಿಗೆ ರಕ್ತ ಇರ್ಲಿಲ್ಲ. ಡಾಕ್ಟ್ರು ಕೊಡಿ ಅಂದ್ರು. ಈ ಒಲೇಲಿ, ಈ ಪಾತ್ರೇಲಿ ನಾನೇ ಬೇಯ್ಸಿ ಹಾಕ್ತಿದ್ದೆ. ನಿಮಗೆ ಹೇಳಕ್ಕೆ ಬಾಯಿ ಬರ್ಲಿಲ್ಲ. ಇದಕ್ಕೆ ಮದ್ದು ಅಂತ ಹೆಸರಿಟ್ಟೆ."

ತೊಳೆದರು, ನೀರಿಗೆ ಹಾಕಿದರು, ಉರಿ ಮಾಡಿದರು. ಬೇಯುವಷ್ಟು ಹೊತ್ತೂ ಹೇಳುತ್ತಲೇ ಇದ್ದರು. ಉಪ್ಪು ಹಾಕುವುದಿಲ್ಲ. ಈರುಳ್ಳಿ ಹಾಕುವುದಿಲ್ಲ. ದಿನಾ ಕೊಡುವುದಿಲ್ಲ. ಇಷ್ಟೇ ಇಷ್ಟು. ಒಸಡು ಹೇಗೆ ಕೆಂಪಾಯಿತು. ನಿಮ್ಮ ಬೆರಳು ಅಲ್ಲಾಡಿದ ದಿನ ನಾನು ಕಾಫಿ ಹಿಡಿದು ಎಲ್ಲಿ ನಿಂತಿದ್ದೆ.

"ರೈಟರಿಗೆ ಇದನ್ನ ಹಾಕಿ ಅಂದಿದ್ದು. ಇದನ್ನ. ಮದ್ದು ಅಂದೆ. ಅವ್ರಿಗೆ ಮದ್ದು ಅಂತಲೇ ಕೇಳಿಸ್ತು."

ಮಾವನವರು ಈಗ ಪಾತ್ರೆಯನ್ನು ನೋಡುತ್ತಿದ್ದರು. ಆವಿ ಅವರ ಕಡೆಗೇ ಬೀಸುತ್ತಿತ್ತು. ಎಡಗೈಯನ್ನು ಮೆಲ್ಲಗೆ ಎತ್ತಿದರು. ತೋರುಬೆರಳಿನಿಂದ ತಮ್ಮ ಮೂಗನ್ನು ಮುಟ್ಟಿಕೊಂಡರು. ಮತ್ತೊಮ್ಮೆ ಮುಟ್ಟಿಕೊಂಡು ಪಾತ್ರೆಯ ಕಡೆ ತೋರಿಸಿದರು.

ಅತ್ತೆ ಕೋಲು ಹಿಡಿದವರು ಹಾಗೇ ನಿಂತರು. "ವಾಸನೆಯಾ? ಗೊತ್ತಿತ್ತಾ ನಿಮಗೆ? ಮೊದ್ಲಿಂದಾನೂ?"

"ಆಯ್ತು," ಅಂದರು ಮಾವನವರು.

ವಾಸನೆ ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತು, ನಾವಿಟ್ಟ ಹೆಸರು ಗೊತ್ತಿರಲಿಲ್ಲ. ರೈಟರಿಗೆ ಹೆಸರು ಗೊತ್ತಿತ್ತು, ವಸ್ತು ಗೊತ್ತಿರಲಿಲ್ಲ. ಗೊತ್ತಿದ್ದೂ ಮಾವನವರು ಅಷ್ಟು ದಿನ ಅತ್ತೆಯ ಕೈತುತ್ತು ತಿಂದಿದ್ದರು.

ಈಲಿ ಬೆಂದಿತು. ತಿನ್ನಲು ನಾಯಿ ಇರಲಿಲ್ಲ. ಆಗಲೇ ನಮಗೆ ಅದು ನೆನಪಾದದ್ದು. ಅತ್ತೆ ಪಾತ್ರೆ ಇಳಿಸಿ, ಅಭ್ಯಾಸದಂತೆ ಒಂದು ತುಂಡು ಮುರಿದು ಬೆಳಕಿಗೆ ಹಿಡಿದು, ಹಿಡಿದ ಕೈಯನ್ನು ಹಾಗೇ ಇಳಿಸಿದರು. ಕೂಲಿ ಲೈನಿನ ಒಂದು ಹೆಣ್ಣುನಾಯಿ ವಾಸನೆ ಹಿಡಿದು ಬೇಲಿಯಾಚೆ ಬಂದು ನಿಂತಿತ್ತು. ಕರೆದರೆ ಬರಲಿಲ್ಲ. ಆ ದಿನಗಳಲ್ಲಿ ಕರೆದು ಅನ್ನ ಹಾಕುವವರನ್ನು ನಾಯಿಗಳು ನಂಬುತ್ತಿರಲಿಲ್ಲ. ಅತ್ತೆ ಆರಿದ ಚೂರುಗಳನ್ನು ಎಲೆಯ ಮೇಲಿಟ್ಟು ಬೇಲಿಯ ಹತ್ತಿರ ಬಿಟ್ಟು ಬಂದರು. ನಾವೆಲ್ಲ ಮುಖ ತಿರುಗಿಸಿದ ಮೇಲೆ ಅದು ತಿಂದಿತು.

ಅತ್ತೆ ಸ್ನಾನಕ್ಕೆಂದು ಎದ್ದರು. ಮಾವನವರು, "ಬಾ," ಅಂದರು. ನಾನು ತಂದಿಟ್ಟಿದ್ದ ಗಂಜಿಯ ಬಟ್ಟಲನ್ನು ಕಣ್ಣಿನಿಂದ ತೋರಿಸಿದರು.

"ಕೈ ಹಿಂಗಿದೆ. ಮಿಂದು ಬರ್ತೀನಿ."

"ಬಾ."

ಅತ್ತೆ ಕೈ ಮಾತ್ರ ತೊಳೆದುಕೊಂಡರು. ಅಲ್ಲೇ ಒಲೆಯ ಪಕ್ಕ ನೆಲದ ಮೇಲೆ ಕೂತು ಚಮಚದಲ್ಲಿ ಗಂಜಿ ಎತ್ತಿದರು. ಮಾವನವರು ಬಾಯಿ ತೆರೆದರು. ನಾನು ಅಲ್ಲಿಂದ ಒಳಗೆ ಬಂದೆ.

ಆ ಹೆಣ್ಣುನಾಯಿ ಮುಂದೆ ಹಾಕಿದ ಮರಿಗಳಲ್ಲಿ ಒಂದು ನಮ್ಮ ಮನೆಗೆ ಬಂತು. ಮಾವನವರ ಬೆರಳು ಅದರ ಕತ್ತಿನ ಮೇಲೂ ಅಲ್ಲಾಡಿತು, ಮೊದಲಿನಷ್ಟಲ್ಲ. ಅವರು ಇನ್ನೂ ಕೆಲವು ವರ್ಷ ಇದ್ದರು. ಆ ಮರಿ ಕಾಯಿಲೆಯೇ ಇಲ್ಲದೆ ಬೆಳೆದರೂ ವಾರಕ್ಕೆರಡು ಸಲ ಅದಕ್ಕೆ ಈಲಿ, ಸಿಕ್ಕಿದ ದಿನ ಗುಂಡಿಗೆ, ಅನ್ನದ ಜೊತೆ ಒಂದು ಚಿಕ್ಕ ಹಿಡಿ. ಅಳತೆ ಎಂದೂ ತಪ್ಪಲಿಲ್ಲ. ನೆಂಟರು ಬಂದಿದ್ದಾಗಲೂ ಅತ್ತೆ ಜಗಲಿಯಿಂದಲೇ ಕೂಗುತ್ತಿದ್ದರು: "ಈಲಿ ತಂದ್ಯೇನೋ?" ಒಮ್ಮೆ ಅವರ ತಂಗಿ ಕಾಫಿ ಲೋಟ ಕೆಳಗಿಟ್ಟು, "ಎಂತದೇ ಅದು ಅಕ್ಕಾ, ಏನೋ ಮದ್ದಾ?" ಅಂತ ಕೇಳಿದರು.

"ಮದ್ದಲ್ಲ," ಅಂದರು ಅತ್ತೆ. "ಈಲಿ. ಕುರಿ ಹೊಟ್ಟೇಲಿರುತ್ತಲ್ಲ, ಅದು. ನಾಯಿಗೆ ಬೇಯ್ಸಿ ಹಾಕ್ತೀನಿ. ನಿಂಗೆ ಸರಿಬರದಿದ್ರೆ ನಮ್ಮನೇಲಿ ಊಟ ಮಾಡ್ಬೇಡ."

ತಂಗಿ ಊಟ ಮಾಡದೆ ಹೋದರು. ಆಮೇಲೆ ಬರುವುದೂ ಕಡಿಮೆಯಾಯಿತು.

ಅತ್ತೆಯ ಕೊನೆಯ ಕಾಯಿಲೆಯಲ್ಲಿ ಹೊತ್ತು ಹೊತ್ತಿಗೆ ಔಷಧಿ ಕೊಡುತ್ತಿದ್ದವಳು ನಾನು. ಹೊಸದಾಗಿ ಬಂದ ನರ್ಸ್ ಒಂದು ದಿನ, "ಅಜ್ಜಿ, ಮದ್ದು ತಗೊಳ್ಳಿ," ಅಂದಳು. ಅತ್ತೆ ಬಾಯಿ ಮುಚ್ಚಿಕೊಂಡರು. ಅವಳು ಎರಡು ಸಲ ಕರೆದಳು. ನಾನು ಅವಳ ಕೈಯಿಂದ ತೆಗೆದುಕೊಂಡು ಹತ್ತಿರ ಹೋಗಿ ಹೇಳಿದೆ.

"ಇದು ಬಿಳಿ ಮಾತ್ರೆ ಅತ್ತೆ, ಬಿಪಿದು. ಇದು ಹಳದಿ, ಗ್ಯಾಸಿಂದು. ಇದು ಎಳನೀರು."

ಒಂದೊಂದನ್ನೂ ನೋಡಿ, ಒಂದೊಂದಾಗಿ ನುಂಗಿದರು.